ಶೇಕರ್ ನಿಂತ ರಾತ್ರಿ

ಪೊನ್ನಂಪೇಟೆಯ ಈ ಕೋಣೆಯಲ್ಲಿ
ಇಪ್ಪತ್ತನಾಲ್ಕು ಫ್ಲಾಸ್ಕುಗಳು
ನಿಮಿಷಕ್ಕೆ ನೂರಿಪ್ಪತ್ತು ಸುತ್ತು
ತಲೆ ತಿರುಗದೆ ತಿರುಗುತ್ತವೆ.
ಒಳಗೆ ಆಲೂಗಡ್ಡೆ ಬೆಂದ ನೀರು, ಸಕ್ಕರೆ,
ಸಾಬಕ್ಕಿಯಂತೆ ಉರುಳುವ ಬಿಳಿ ಉಂಡೆಗಳು.
ಅಣಬೆಯ ಬೇರು ಅನ್ನುತ್ತೇನೆ ಕೇಳಿದವರಿಗೆ.
ಬೇರಲ್ಲ. ಬೇರೆ ಪದ ಸಿಕ್ಕಿಲ್ಲ.

ತಾಯಿ ಅಣಬೆಯನ್ನು ತಂದದ್ದು ಎರವರ ಚಾತ,
ಸತ್ತ ಹಲಸಿನ ಬುಡದಿಂದ;
ವಾರ್ನಿಷ್ ಬಳಿದ ಹಾಗೆ ಹೊಳೆಯುವ ಕೆಂಪು ಕೊಡೆ.
"ಇದು ಸಾರಿಗೆ ಹಾಕುವ ಕುಮ್ಮ್ ಅಲ್ಲ," ಎಂದ,
"ಕುದಿಸಿದರೆ ಕಹಿ. ಕಹಿ ಇದ್ದರೆ ಮದ್ದು."
ರಸೀದಿಯ ಜೊತೆ ಹೆಬ್ಬೆಟ್ಟಿಗೆ ಮಸಿ ಚಾಚಿದರು ಆಫೀಸಿನವರು.
ಅವನು ಪೆನ್ನು ಕೇಳಿ ಸಹಿ ಹಾಕಿದ,
ನನ್ನದಕ್ಕಿಂತ ದುಂಡಗೆ.

ಆ ಕಹಿಯೇ ನಮಗೆ ಬೇಕು.
ಡಾಕ್ಟರ್ ರುಖಿಯಾ ಅದನ್ನು ಆಮ್ಲ ಅನ್ನುತ್ತಾರೆ,
ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುತ್ತಾರೆ.
ಎರಡು ವರ್ಷದಿಂದ ಇಷ್ಟೇ.

ಏನೆಲ್ಲ ಮಾಡಲಿಲ್ಲ!
ಸಕ್ಕರೆ ಹೆಚ್ಚಿಸಿದೆವು: ಮೈ ಬಂತು, ಮದ್ದು ಬರಲಿಲ್ಲ.
ಸಾರಜನಕ ತಗ್ಗಿಸಿ ಹಸಿವಿಗೆ ಕೆಡವಿದೆವು.
ಕಾಫಿ ಸಿಪ್ಪೆಯ ಕಷಾಯ ಸುರಿದೆವು:
ಎರಡು ಫ್ಲಾಸ್ಕು ಕಪ್ಪಾಗಿ ಸತ್ತವು,
ಮೂರನೆಯದು ಮುನಿಸಿಕೊಂಡಂತೆ ಕಂಡಿತು.
ಯೀಸ್ಟನ್ನು ಕೊಂದು ಅದರ ಪೊರೆ ಬೆರೆಸಿ
ಶತ್ರು ಬಂದನೆಂದು ಸುಳ್ಳು ಹೇಳಿದೆವು.
ನಂಬಿತು, ಒಂದಿಷ್ಟು.
ಎರಡನೆಯ ಸಲ ನಂಬಲಿಲ್ಲ.

ನನಗೆ ಕೋಣೆ ಬಾಡಿಗೆ ಕೊಟ್ಟ ಬೊಳ್ಳವ್ವ
ಬೇಲಿಯ ಮದ್ದುಸೊಪ್ಪನ್ನು ದಿನಾ ಮೂಸಿ ನೋಡುತ್ತಿದ್ದಳು.
"ಕಕ್ಕಡದಲ್ಲಿ ದಿನಕ್ಕೊಂದು ಮದ್ದು ಬಂದು ಸೇರುತ್ತದೆ,
ಹದಿನೆಂಟಕ್ಕೆ ಹದಿನೆಂಟು.
ಆಮೇಲೆ ಬರೀ ಸೊಪ್ಪು.
ನಿಮ್ಮ ಬಾಟಲಿಗೆ ಯಾವ ದಿನ?"
ಗೊತ್ತಿಲ್ಲ ಅಂದೆ,
ಅದು ಗೊತ್ತಾಗಲೆಂದೇ ನನಗೆ ಸಂಬಳ.

ಹದಿನೆಂಟರ ರಾತ್ರಿ ಪಾಳಿ ನನ್ನದು.
ಒಂದು ಗಳಿಗೆ ಅಂತ ಹೋದೆ,
ನೇರಳೆ ಬಣ್ಣದ ಪಾಯಸ, ಮೇಲೆ ತುಪ್ಪ, ಜೇನು.
ಗೋಣಿಕೊಪ್ಪದ ದಾರಿಯಲ್ಲಿ ಮರ ಬಿದ್ದು ಕರೆಂಟು ಹೋಯಿತು.
ಜನರೇಟರಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು,
ನನ್ನ ಜೊತೆಯೇ ಮಲಗಿತ್ತು.

ಬೆಳಿಗ್ಗೆ ಕರೆಂಟು ತಾನಾಗಿ ಬಂದಿತ್ತು.
ಮೂರನೆಯ ಸಾಲಿನ ಮೋಟಾರು ಏಳಲಿಲ್ಲ.
ಆ ಆರು ಫ್ಲಾಸ್ಕುಗಳನ್ನು ಯಾರೂ ಕಾಣದ ಹಾಗೆ
ಕಪಾಟಿನ ಕತ್ತಲಿಗೆ ತಳ್ಳಿದೆ,
ಚೆಲ್ಲಿದರಾಯಿತು ನಾಳೆ ಎಂದು.
ನಾಳೆ ಮೋಟಾರಿನವನು ಬಂದ. ನಾಡಿದ್ದು ಆಡಿಟು.

ಹತ್ತು ದಿನ ಕಳೆದು ಶೋಧಕಾಗದ ಹುಡುಕುತ್ತ
ಡಾಕ್ಟರ್ ರುಖಿಯಾ ಕಪಾಟು ತೆರೆದರು.
ಆರರ ಮೇಲೂ ಹಾಲಿನ ಕೆನೆಯಂಥ ದಪ್ಪ ಚರ್ಮ,
ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.
ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು.
ಒಂದು ಚೂರು ಕತ್ತರಿಸಿ ಯಂತ್ರಕ್ಕೆ ಕೊಟ್ಟರು.
ಕಾಗದದ ಮೇಲೆ ಗೆರೆ
ತಡಿಯಂಡಮೋಳ್ ಹತ್ತುವವನ ಹಾಗೆ ಏರಿತು, ಏರಿತು,
ಮೂರು ಪಾಲಿಗೂ ಮಿಗಿಲು.
"ಏನು ಮಾಡಿದೆ ಇವಕ್ಕೆ?"
"ಏನೂ ಮಾಡಲಿಲ್ಲ, ಮೇಡಂ."
ಎರಡು ವರ್ಷದಲ್ಲಿ
ನಾವು ಬಿಟ್ಟಿದ್ದು ಅದೊಂದನ್ನೇ.

"ಬರೆ," ಅಂದರು, "ಆವತ್ತಿನ ಪುಟ ಖಾಲಿ ಇದೆ."
ಬರೆದೆ: ಜನರೇಟರ್ ಹಾಕಲಿಲ್ಲ. ನಿದ್ದೆ.
ಮದ್ದುಪಾಯಸ ತಿಂದದ್ದು.
ಕೊನೆಯ ಸಾಲು ಹೊಡೆದುಹಾಕು ಅಂದರು,
ಹೊಡೆದೆ, ಓದಲು ಬರುವಷ್ಟು ತೆಳುವಾಗಿ.

ಬೊಳ್ಳವ್ವನಿಗೆ ಹೇಳಿದೆ, ಮೂರು ಪಾಲು ಅಂತ.
ಅವಳ ಪರೀಕ್ಷೆ ಒಂದೇ:
"ಮರುದಿನ ಉಚ್ಚೆ ಕೆಂಪಾಗಿತ್ತೋ ಇಲ್ಲವೋ?"
ಆಗಿತ್ತು.
"ಮತ್ತೆ!" ಅಂದು ಒಳಗೆ ಹೋದಳು.

ಒಂದು ಸಲ ಆದದ್ದು ಲೆಕ್ಕಕ್ಕಿಲ್ಲ.
ಇವತ್ತು ಹೊಸ ಆರು, ಹೊಸ ನೀರು,
ಸ್ವಿಚ್ಚು ಆರಿಸಿದ್ದು ನನ್ನದೇ ಕೈ.
ಉಂಡೆಗಳು ಇನ್ನೂ ಎರಡು ಸುತ್ತು ತಾವಾಗಿ ಸುತ್ತಿ
ಒಂದರ ಮೈಗೊಂದು ಆತು ನಿಂತವು.
ಕೋಣೆಯಲ್ಲಿ ಗಡಿಯಾರವೂ ಒಂದಿದೆ ಎಂದು
ಈಗ ಕೇಳಿಸುತ್ತಿದೆ.